ಕಾಸಾ ಗ್ವೀದಿಯ ಬಿಡಾರ

ಕನ್ನಡದಲ್ಲಿ ಮನೆಯೆಂಬ ಮಾತಿಗೂ ಬಿಡಾರವೆಂಬ ಮಾತಿಗೂ ಭೇದವುಂಟು. ಮನೆಯೆಂದರೆ ಹಿರಿಯರು ಕಟ್ಟಿಸಿದುದು. ಅಲ್ಲಿ ದೇವರ ಗೂಡಿದೆ, ಅಟ್ಟದ ಮೇಲೆ ಹಿತ್ತಾಳೆಯ ಹಂಡೆಗಳಿವೆ, ಪೆಟ್ಟಿಗೆಯ ತಳದಲ್ಲಿ ಸಾಲದ ಪತ್ರಗಳಿವೆ. ಬಿಡಾರವಾದರೋ ಹೊತ್ತ ಗಂಟನ್ನಿಳಿಸಿ ನಾಲ್ಕು ದಿನ ಕಾಲು ಚಾಚತಕ್ಕ ತಾವು. ಜಾತ್ರೆಗೆ ಹೋದವರು ಬಿಡಾರ ಮಾಡುತ್ತಾರೆ. ವರ್ಗವಾಗಿ ಬಂದ ಅಧಿಕಾರಿಗಳು ಬಿಡಾರ ಹೂಡುತ್ತಾರೆ. ವೈದ್ಯರ ಸಲಹೆಯಂತೆ ಹವೆ ಬದಲಿಸಲು ಹೊರಟವರೂ ಬಿಡಾರವನ್ನೇ ಹುಡುಕುತ್ತಾರೆ. ಮನೆಯಲ್ಲಿ ಗಂಡನಾದವನು ಯಾರಿಗೋ ಮಗ, ಯಾರಿಗೋ ಅಣ್ಣ. ಹೆಂಡತಿಯಾದವಳು ಯಾರಿಗೋ ಸೊಸೆ, ಯಾರಿಗೋ ಅತ್ತಿಗೆ. ಬಿಡಾರದಲ್ಲಿ ಮಾತ್ರ ಅವರು ಒಬ್ಬರಿಗೊಬ್ಬರು. ಈ ಸುಖವನ್ನರಸಿ ದಂಪತಿಗಳು ಐತಿಹಾಸಿಕ ನಗರಗಳ ಹಳೆಯ ಸೌಧಗಳಲ್ಲಿ ವಾರದ ಬಾಡಿಗೆಗೆ ಕೋಣೆಗಳನ್ನು ಹಿಡಿದು ತಂಗುವ ರೂಢಿಯು ಈಗ ಬಹಳ ದೇಶಗಳಲ್ಲಿ ಹಬ್ಬಿದೆ. ವಿಶ್ರಾಂತಿಯನ್ನು ಹೀಗೆ ವಾರದ ಲೆಕ್ಕದಲ್ಲಿ ಕೊಳ್ಳಲು ಬರುವುದೋ ಇಲ್ಲವೋ ಎಂಬ ಚರ್ಚೆ ಬೇರೆ. ಅಂತಹ ಬಿಡಾರಗಳಲ್ಲೊಂದರ ವೃತ್ತಾಂತವು ಮಾತ್ರ ವಾಚಕರಿಗೆ ರುಚಿಸಬಹುದು. ಏಕೆಂದರೆ ಅಲ್ಲಿ ಮೂರು ತಿಂಗಳ ಮಟ್ಟಿಗೆಂದು ಇಳಿದ ದಂಪತಿಗಳು ಹದಿನಾಲ್ಕು ವರ್ಷಗಳವರೆಗೆ ಅದರ ಹಂಬಲವನ್ನು ಬಿಡಲಾರದೆ ಹೋದರು.

ಇಟಲಿಯ ಫ್ಲಾರೆನ್ಸ್ ನಗರವನ್ನು ಆರ್ನೋ ನದಿಯು ಇಬ್ಭಾಗ ಮಾಡಿದೆ. ದಕ್ಷಿಣದ ದಡದ ಕೇರಿಗಳಿಗೆ ಅಲ್ಲಿನವರು ‘ಓಲ್ತ್ರಾರ್ನೊ’ ಎನ್ನುತ್ತಾರೆ, ಅಂದರೆ ಹೊಳೆಯಾಚೆ. ಸಾಂತಾ ತ್ರಿನಿತಾ ಸೇತುವೆಯನ್ನು ದಾಟಿದರೆ ಮಾಜ್ಜೋ ಬೀದಿ ಸಿಕ್ಕುವುದು. ಆ ಸೇತುವೆಯನ್ನು 1944ರ ಆಗಸ್ಟಿನಲ್ಲಿ ಹಿಂದೆಗೆಯುತ್ತಿದ್ದ ಜರ್ಮನ್ ಸೈನ್ಯವು ಸಿಡಿಮದ್ದಿಟ್ಟು ಹಾರಿಸಿತು. ಊರವರು ಹೊಳೆಯೊಳಗಿನಿಂದ ಹಳೆಯ ಕಲ್ಲುಗಳನ್ನೇ ಎತ್ತಿ 1958ರ ವೇಳೆಗೆ ಮೊದಲಿದ್ದಂತೆಯೇ ಮರಳಿ ಕಟ್ಟಿದರು. ಮಾಜ್ಜೋ ಬೀದಿಯು ತೆಂಕಣ ತುದಿಯಲ್ಲಿ ಸಾನ್ ಫೆಲೀಚೆ ಎಂಬ ಇಗರ್ಜಿಯ ಮುಂದಿನ ಚಿಕ್ಕ ಚೌಕಕ್ಕೆ ಬಂದು ಸೇರುವುದು. ಅಲ್ಲಿಂದ ಪಿತ್ತಿ ಅರಮನೆಗೆ ಕೂಗಳತೆ. ಇಗರ್ಜಿಯ ಎದುರಿಗೆ, ಮೂಲೆಯಲ್ಲಿ, ಹದಿನೈದನೆಯ ಶತಮಾನದ ಒಂದು ಕಲ್ಲುಸೌಧವಿದೆ. ಗ್ವೀದಿ ಎಂಬ ಶ್ರೀಮಂತ ಮನೆತನದವರದಾದುದರಿಂದ ಅದಕ್ಕೆ ಪಲಾತ್ಸೋ ಗ್ವೀದಿ ಎಂದು ಹೆಸರು. ಇಂತಹ ಸೌಧಗಳಲ್ಲಿ ಕೆಳಗಿನ ಅಂತಸ್ತು ಅಂಗಡಿಗಳಿಗೂ ಉಗ್ರಾಣಗಳಿಗೂ ಮೀಸಲು. ಅದರ ಮೇಲಿನದು ‘ಪಿಯಾನೊ ನೊಬಿಲೆ’, ಅಂದರೆ ದೊಡ್ಡವರ ಅಂತಸ್ತು. ಎತ್ತರವಾದ ಚಾವಣಿ, ಆಳೆತ್ತರವನ್ನು ಮೀರಿದ ಕಿಟಕಿಗಳು ಅಲ್ಲಿಯವೇ. ಅದಕ್ಕೂ ಮೇಲೆ ಹೋದಷ್ಟೂ ಚಾವಣಿಯೂ ತಗ್ಗುವುದು, ಬಾಡಿಗೆಯೂ ತಗ್ಗುವುದು. ಮನೆತನಗಳು ಬಡವಾದಂತೆ ಅವರು ಒಂದೊಂದೇ ಅಂತಸ್ತನ್ನು ಪರಸ್ಥಳದವರಿಗೆ ಬಾಡಿಗೆಗೆ ಬಿಡತೊಡಗಿದರು. ಗ್ವೀದಿಯವರ ಸೌಧದ ದೊಡ್ಡ ಅಂತಸ್ತೂ ಹಾಗೆಯೇ ಬಾಡಿಗೆಗೆ ಬಿದ್ದಿತ್ತು. 1847ರ ಜುಲೈ ತಿಂಗಳಲ್ಲಿ ಅದನ್ನು ಹಿಡಿದವರು ರಾಬರ್ಟ್ ಬ್ರೌನಿಂಗ್ ಮತ್ತು ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ಎಂಬ ಆಂಗ್ಲ ಕವಿದಂಪತಿಗಳು.

ಕಾಲೇಜಿನಲ್ಲಿ ಇಂಗ್ಲಿಷ್ ಓದಿದವರಿಗೆ ಈ ಹೆಸರುಗಳು ಅಪರಿಚಿತವಲ್ಲ. ಅವರ ಪ್ರೇಮದ ಕಥೆಯನ್ನು ನಾಟಕದವರೂ ಸಿನೆಮಾದವರೂ ಬೇಕಾದಷ್ಟು ಹಿಗ್ಗಿಸಿ ಆಡಿದ್ದಾರೆ. ಅದನ್ನೆಲ್ಲ ಕಳೆದು ಉಳಿದ ಸಂಗತಿಯೇ ಸಾಕಷ್ಟು ವಿಲಕ್ಷಣವಾಗಿದೆ. ಎಲಿಜಬೆತ್ತಳು ಲಂಡನ್ನಿನ ವಿಂಪೋಲ್ ಬೀದಿಯ 50ನೆಯ ನಂಬರಿನ ಮನೆಯಲ್ಲಿ ತಂದೆಯ ಆಶ್ರಯದಲ್ಲಿದ್ದ ರೋಗಿಷ್ಠೆ. ವರ್ಷಗಟ್ಟಲೆ ಸೋಫಾದ ಮೇಲೆ ಒರಗಿಯೇ ಕಾಲ ಕಳೆದವಳು. ಅಫೀಮಿನ ದ್ರಾವಣವಿಲ್ಲದೆ ಆಕೆಗೆ ನಿದ್ರೆಯಿಲ್ಲ. ಚಳಿಗಾಲದಲ್ಲಿ ಕಿಟಕಿಯ ಸಂದುಗಳನ್ನೆಲ್ಲ ಮುಚ್ಚಿದ ಕೋಣೆ, ಕಾಲ ಬಳಿ ಫ್ಲಷ್ ಎಂಬ ನಾಯಿ, ಸುತ್ತಲೂ ಗ್ರೀಕ್ ಪುಸ್ತಕಗಳು. ದಕ್ಷಿಣದ ಬಿಸಿಲು ನಾಡಿಗೆ ಹೋದರೆ ಗುಣವಾಗಬಹುದೆಂದು 1845ರಲ್ಲಿ ವೈದ್ಯರು ಹೇಳಿದರು, ತಂದೆಯು ಸಮ್ಮತಿಸಲಿಲ್ಲ. ಮಕ್ಕಳಲ್ಲಿ ಯಾರೂ ಮದುವೆಯಾಗಕೂಡದೆಂಬುದು ಆತನ ಹಟ. ಹೆಣ್ಣುಮಕ್ಕಳ ಮದುವೆಗಾಗಿ ತಂದೆ ಹೊಲ ಮಾರಿದ ಕಥೆಗಳನ್ನು ಕೇಳಿ ಬೆಳೆದವರಿಗೆ ಇಂತಹ ತಂದೆಯ ಚಿತ್ರವು ಥಟ್ಟನೆ ಕಣ್ಣಿಗೆ ಕಟ್ಟಲಾರದು. ಆದರೂ ಪ್ರೀತಿಯ ಹೆಸರಿನಲ್ಲಿ ನಡೆಯುವ ಕಾವಲು ಯಾವ ದೇಶಕ್ಕೂ ಹೊಸದಲ್ಲ. ಆಕೆಗಿಂತ ಆರು ವರ್ಷ ಕಿರಿಯನಾದ ಬ್ರೌನಿಂಗನು 1845ರ ಜನವರಿ 10ರಂದು ಆಕೆಯ ಕವಿತೆಗಳನ್ನು ಮೆಚ್ಚಿ ಕಾಗದ ಬರೆದನು. ಅಲ್ಲಿಂದ ಮುಂದೆ ಇಪ್ಪತ್ತು ತಿಂಗಳಲ್ಲಿ ಅವರಿಬ್ಬರ ನಡುವೆ ಐನೂರಕ್ಕೂ ಮಿಕ್ಕ ಕಾಗದಗಳು ನಡೆದವು. 1846ರ ಸೆಪ್ಟೆಂಬರ್ 12ರಂದು, ಯಾರಿಗೂ ತಿಳಿಯದಂತೆ, ಮೇರಿಲಬೋನ್ ಇಗರ್ಜಿಯಲ್ಲಿ ವಿವಾಹವಾಯಿತು. ಮದುಮಗಳು ಉಂಗುರವನ್ನು ತೆಗೆದಿಟ್ಟು ತಂದೆಯ ಮನೆಗೆ ಮರಳಿ, ಒಂದು ವಾರ ಏನೂ ನಡೆಯದವಳಂತೆ ಇದ್ದು, ಅನಂತರ ದಾಸಿ ವಿಲ್ಸನ್ನಳನ್ನೂ ಫ್ಲಷ್‌ನನ್ನೂ ಕರೆದುಕೊಂಡು ಹೊರಬಿದ್ದಳು. ಆಗ ಆಕೆಗೆ ವಯಸ್ಸು ನಲವತ್ತು. ಸಮುದ್ರ ದಾಟುವ ಮೊದಲೇ ಆಕೆ ಸತ್ತುಹೋದಾಳೆಂದು ಹೆದರಿದವರೂ ಇದ್ದಿರಬೇಕು.

ಪಿಸಾ ನಗರದಲ್ಲಿ ಒಂದು ಚಳಿಗಾಲವನ್ನು ಕಳೆದು 1847ರ ಏಪ್ರಿಲಿನಲ್ಲಿ ಅವರು ಫ್ಲಾರೆನ್ಸಿಗೆ ಬಂದರು. ಬೇಸಗೆಯ ಝಳ ಹೆಚ್ಚಿದಾಗ ಮಲೆಯ ಮೇಲಿನ ವಲ್ಲೊಂಬ್ರೋಸಾ ಮಠದಲ್ಲಿ ಎರಡು ತಿಂಗಳು ತಣ್ಣಗೆ ಇರೋಣವೆಂದು ಯೋಚಿಸಿ, ಬೆಳಗಿನ ಜಾವಕ್ಕೆ ಹೊರಟರು. ಗಾಡಿ ಹೋಗದ ಕಡಿದಾದ ದಾರಿಯಲ್ಲಿ ಎಲಿಜಬೆತ್ತಳನ್ನು ದ್ರಾಕ್ಷಿ ತುಂಬುವ ಬುಟ್ಟಿಯಲ್ಲಿ ಕುಳ್ಳಿರಿಸಿ ಎತ್ತುಗಳಿಂದ ಎಳೆಯಿಸಬೇಕಾಯಿತು. ಇಷ್ಟೆಲ್ಲ ಪಟ್ಟು ಹೋದರೆ, ಮಠಾಧಿಪತಿಯು ಹೆಂಗಸರಿಗೆ ಹೆಚ್ಚು ದಿನ ಸ್ಥಳವಿಲ್ಲವೆಂದುಬಿಟ್ಟನು. ಒಡತಿಯೊಬ್ಬಳು, ದಾಸಿಯೊಬ್ಬಳು, ಈ ಇಬ್ಬರು ಸ್ತ್ರೀಯರಿಂದ ಮಠದ ತಪಸ್ಸಿಗೆ ಏನು ಭಂಗವಾಗುತ್ತಿತ್ತೋ ಕಾಣೆವೆಂದು ನಗುವವರು ನಗಬಹುದು. ಐದು ದಿನಗಳಾಗುತ್ತಲೆ ಅವರು ಇಳಿದು ಬಂದರು. ಹೀಗೆ ಮಲೆಯ ಮೇಲೆ ದೊರೆಯದ ವಿಶ್ರಾಂತಿಯನ್ನು ಊರ ನಡುವೆ ಹುಡುಕಿದಾಗ ಸಿಕ್ಕಿದುದು ಪಲಾತ್ಸೋ ಗ್ವೀದಿಯ ಮಹಡಿ. ಪೀಠೋಪಕರಣಗಳು ಸಹಿತ ಮೂರು ತಿಂಗಳಿಗೆ ಕರಾರಾಯಿತು.

ಆ ಮೂರು ತಿಂಗಳು ಹೇಗೆ ಕಳೆದವೆಂಬುದನ್ನು ಎಲಿಜಬೆತ್ತಳು ಸೋದರಿಯರಿಗೂ ಸ್ನೇಹಿತೆಯರಿಗೂ ಬರೆದ ಕಾಗದಗಳಿಂದ ತಿಳಿಯಬಹುದು. ಹಗಲೆಲ್ಲ ಕಿಟಕಿಯ ಬಾಗಿಲುಗಳನ್ನೆಳೆದುಕೊಂಡು ನೆರಳಿನಲ್ಲಿ ಓದು. ಊಟಕ್ಕೆ ಕಲ್ಲಂಗಡಿ, ಅಂಜೂರ, ಮಂಜು ಹಾಕಿದ ನೀರು. ಅಡಿಗೆಯ ತೊಂದರೆಯೇ ಇಲ್ಲ. ಆ ದಿನಗಳ ಇಟಲಿಯಲ್ಲಿ ಖಾನಾವಳಿಯವರು ಗೊತ್ತಾದ ಹೊತ್ತಿಗೆ ಬಿಸಿ ಬಿಸಿ ಊಟವನ್ನು ಬೀದಿಯಲ್ಲಿ ಹೊತ್ತು ತಂದು ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಏನು ಬೇಯಿಸಲಿ ಎಂಬ ಪ್ರಶ್ನೆಯಿಂದ ಬಿಡುಗಡೆ ಪಡೆದ ಗೃಹಿಣಿಯ ಹಿಗ್ಗು ಆ ಕಾಗದಗಳಲ್ಲಿ ಎದ್ದು ಕಾಣುತ್ತದೆ. ಹೊತ್ತಿಳಿದ ಮೇಲೆ ಇಬ್ಬರೂ ಹೊರಗಿನ ಕಿರಿದಾದ ಬಾಲ್ಕನಿಯ ಮೇಲೆ ಸುಳಿದಾಡುವರು. ಎದುರಿಗೆ ನೋಡುವ ಮನೆಗಳಿಲ್ಲ, ಇಣುಕುವ ಕಣ್ಣುಗಳಿಲ್ಲ. ಇರುವುದು ಸಾನ್ ಫೆಲೀಚೆಯ ಬೂದುಬಣ್ಣದ ಗೋಡೆಯೊಂದೇ. ಫೆಲೀಚೆ ಎಂದರೆ ಸುಖಿ ಎಂದರ್ಥ. ಅದನ್ನು ಆಕೆ ಶುಭಶಕುನವೆಂದು ಎಣಿಸಿಕೊಂಡಳು. ವರ್ಷಗಳಿಂದ ನೆಟ್ಟಗೆ ನಡೆಯದಿದ್ದವಳು ಅಲ್ಲಿ ನಡೆದಳು ಎಂಬುದೇ ದೊಡ್ಡ ಶಕುನ.

ಅಕ್ಟೋಬರಿನಲ್ಲಿ ಕರಾರು ಮುಗಿಯಿತು. ಚಳಿಗಾಲದ ಬಾಡಿಗೆ ದುಬಾರಿಯಾದುದರಿಂದ ಬೇರೆ ಕೋಣೆಗಳನ್ನು ಹಿಡಿದರು. ಹೋಗಿ ನೋಡಿದರೆ ಆ ಕೋಣೆಗಳಿಗೆ ಬಿಸಿಲೇ ಇಲ್ಲ. ರೋಗಿಷ್ಠೆಗೆ ಬಿಸಿಲೇ ಔಷಧ. ಬ್ರೌನಿಂಗನು ಕರಾರಿನ ಹಣ ಹೋದರೆ ಹೋಗಲೆಂದು ಕೈಬಿಟ್ಟು, ಪಿತ್ತಿ ಅರಮನೆಯ ಎದುರಿನ ಬಿಸಿಲು ಬೀಳುವ ಚಿಕ್ಕ ಬಿಡಾರಕ್ಕೆ ಹೆಂಡತಿಯನ್ನು ಸಾಗಿಸಿದನು. ಸಾಲವೆಂದರೆ ಹೌಹಾರುವ, ಪ್ರತಿಯೊಂದು ಬಾಕಿಯನ್ನೂ ಹೊತ್ತಿಗೆ ಸರಿಯಾಗಿ ತೀರಿಸುವ ಮನುಷ್ಯನು ಈ ನಷ್ಟವನ್ನು ಗೊಣಗದೆ ಸಹಿಸಿದುದು ಸಣ್ಣ ಮಾತಲ್ಲ. 1848ರ ಮೇ ತಿಂಗಳಲ್ಲಿ ಗ್ವೀದಿಯವರ ಅಂತಸ್ತು ಮತ್ತೆ ತೆರವಾಯಿತು. ಈ ಸಲ ಬರಿಯ ಕೋಣೆಗಳನ್ನೇ ವರ್ಷಕ್ಕೆ 25 ಗಿನಿಯಂತೆ ಹಿಡಿದರು. ಆರು ಕೋಣೆ, ಒಂದು ಅಡಿಗೆಮನೆ. ಮಲಗುವ ಕೋಣೆಯ ನೆಲದಲ್ಲಿ ಹಳೆಯ ಪ್ರಭುವಿನ ಲಾಂಛನ. ಲಂಡನ್ನಿನಲ್ಲಿ ಆ ಹಣಕ್ಕೆ ಇಂತಹ ವೈಭವವು ಕನಸಿನ ಮಾತು. ತಾವು ಊರು ಬಿಟ್ಟು ಹೋದಾಗ ಕೋಣೆಗಳನ್ನು ಇತರರಿಗೆ ಒಳಬಾಡಿಗೆಗೆ ಕೊಟ್ಟರೆ ಇನ್ನಷ್ಟು ಉಳಿತಾಯವಾಗುವುದೆಂಬ ಲೆಕ್ಕವೂ ಇತ್ತು. ಇಂಗ್ಲೆಂಡಿಗೆ ಸುಖವಾಗಿ ಹೋಗಿ ಬರಲು ಅನುಕೂಲವಾಗಲೆಂದೇ ಇಲ್ಲಿ ಬೇರೂರಿದೆವೆಂದು ಎಲಿಜಬೆತ್ತಳು ಚಮತ್ಕಾರವಾಗಿ ಬರೆಯುತ್ತಾಳೆ.

ಬರಿಯ ಕೋಣೆಗಳು ಮೆಲ್ಲಮೆಲ್ಲನೆ ತುಂಬತೊಡಗಿದವು. ಬ್ರೌನಿಂಗನಿಗೆ ಹಳೆಯ ಸಾಮಾನುಗಳ ಹುಚ್ಚು. ಸಂತೆಗಳಲ್ಲಿಯೂ ಗುಜರಿಗಳಲ್ಲಿಯೂ ಅಲೆದು ಕೆತ್ತನೆಯ ಪೆಟ್ಟಿಗೆ, ಕನ್ನಡಿ, ಚಿತ್ರದ ಹಚ್ಚಡಗಳನ್ನು ಹೊತ್ತು ತರುವನು. ಊರ ಹೊರಗಿನ ಒಂದು ಧಾನ್ಯದ ಅಂಗಡಿಯಲ್ಲಿ ಹಳೆಯ ಇಟಾಲಿಯನ್ ಚಿತ್ರಗಳು ಕಣ್ಣಿಗೆ ಬಿದ್ದು, ಅವನ್ನೂ ಕೊಂಡು ತಂದನು. ಹಜಾರದ ಗೋಡೆಗಳು ಹಸಿರು; ನಡುವೆ ಎಲಿಜಬೆತ್ತಳ ತಗ್ಗಾದ ಕುರ್ಚಿ, ಪಕ್ಕದಲ್ಲಿ ಪುಸ್ತಕ ಹರಡಿದ ಪುಟ್ಟ ಮೇಜು. ಆಕೆ ಆ ಬಿಡಾರಕ್ಕೆ ಇಟ್ಟ ಹೆಸರು ಗಮನಿಸತಕ್ಕದ್ದು. ಪಲಾತ್ಸೋ ಎಂದರೆ ಅರಮನೆ. ಆಕೆ ಅದನ್ನು ಬಿಟ್ಟು ‘ಕಾಸಾ ಗ್ವೀದಿ’ ಎಂದು ಕರೆದಳು; ಕಾಸಾ ಎಂದರೆ ಮನೆ. ತಂದೆಯ ಮನೆಯ ಬಾಗಿಲು ಮುಚ್ಚಿದ ಮೇಲೆ ಬಾಡಿಗೆಯ ಅರಮನೆಯನ್ನು ಮನೆಯೆಂದು ಕರೆಯುವುದರಲ್ಲಿ ಎಷ್ಟು ಸಂತೋಷವಿತ್ತೋ ಅಷ್ಟೇ ನೋವೂ ಇದ್ದಿತು.

ಏಕೆಂದರೆ ತಂದೆಯು ಕ್ಷಮಿಸಲಿಲ್ಲ. ಆಕೆ ಮತ್ತೆ ಮತ್ತೆ ಕಾಗದ ಬರೆದಳು, ಉತ್ತರವಿಲ್ಲ. 1851ರಲ್ಲಿ ದಂಪತಿಗಳು ಲಂಡನ್ನಿಗೆ ಹೋಗಿ ಮತ್ತೊಮ್ಮೆ ಬೇಡಿಕೊಂಡಾಗ, ಐದು ವರ್ಷಗಳ ಕಾಗದಗಳ ಕಟ್ಟು ಹಿಂದಕ್ಕೆ ಬಂದಿತು. ಒಂದರ ಅರಗನ್ನೂ ಆತನು ಒಡೆದಿರಲಿಲ್ಲ. 1857ರಲ್ಲಿ ಆತನು ತೀರಿಕೊಳ್ಳುವವರೆಗೂ ಅದೇ ಮೌನ. ವಿಶ್ರಾಂತಿಯ ಮಾತನ್ನಾಡುವಾಗ ಈ ಕಟ್ಟನ್ನು ಮರೆಯುವಂತಿಲ್ಲ. ಬಾಲ್ಕನಿಯ ಮೇಲಿನ ತಂಗಾಳಿ, ಕಲ್ಲಂಗಡಿ, ಹಸಿರು ಗೋಡೆ, ಎಲ್ಲದರ ಹಿಂದೆ ಒಂದು ಬೀಗ ಹಾಕಿದ ಬಾಗಿಲಿತ್ತು. ಇಬ್ಬರೇ ಇರುವ ಸುಖಕ್ಕೆ ಆಕೆ ತೆತ್ತ ಬೆಲೆಯು ವರ್ಷಕ್ಕೆ 25 ಗಿನಿಯಷ್ಟೇ ಆಗಿರಲಿಲ್ಲ.

ಮಗುವಿನ ಹಂಬಲವೂ ಇದ್ದಿತು. 1847ರಲ್ಲಿ ಪಿಸಾದಲ್ಲಿ ಒಮ್ಮೆ, 1848ರಲ್ಲಿ ಫ್ಲಾರೆನ್ಸಿನಲ್ಲಿ ಒಮ್ಮೆ, ಗರ್ಭವು ನಿಲ್ಲದೆ ಹೋಯಿತು. ಮೂರನೆಯ ಸಲ ಆಕೆ ಅಫೀಮನ್ನು ಬಹುಮಟ್ಟಿಗೆ ತಗ್ಗಿಸಿದಳು. 1849ರ ಮಾರ್ಚ್ 9ರಂದು, ತನ್ನ ನಲವತ್ತಮೂರನೆಯ ವಯಸ್ಸಿನಲ್ಲಿ, ಕಾಸಾ ಗ್ವೀದಿಯಲ್ಲಿ ಗಂಡುಮಗುವನ್ನು ಹೆತ್ತಳು. ಮನೆಯಲ್ಲಿ ಕರೆಯುವ ಹೆಸರು ಪೆನ್. ಹಿಗ್ಗಿನ ಬೆನ್ನಿಗೇ ಲಂಡನ್ನಿನಿಂದ ಬ್ರೌನಿಂಗನ ತಾಯಿಯ ಮರಣವಾರ್ತೆ ಬಂದಿತು. ಮೊಮ್ಮಗನು ಹುಟ್ಟಿದ ಸುದ್ದಿಯನ್ನು ಕೇಳುವ ಸ್ಥಿತಿಯಲ್ಲಿ ಆ ತಾಯಿಯಿರಲಿಲ್ಲ. ಬಹಳ ದಿನ ಬ್ರೌನಿಂಗನು ಶೋಕದಲ್ಲಿ ಮುಳುಗಿದ್ದನು. ಆ ಬೇಸಗೆಯಲ್ಲಿ ಮಗುವನ್ನೆತ್ತಿಕೊಂಡು ಬಾನ್ಯಿ ದಿ ಲೂಕ್ಕಾ ಎಂಬ ಗಿರಿಧಾಮಕ್ಕೆ ಹೋದಾಗಲೇ, ಪ್ರಣಯಕಾಲದಲ್ಲಿ ಗುಟ್ಟಾಗಿ ಬರೆದಿಟ್ಟಿದ್ದ ಸಾನೆಟ್ಟುಗಳನ್ನು ಎಲಿಜಬೆತ್ತಳು ಗಂಡನಿಗೆ ತೋರಿಸಿದಳು. ಮೂರು ವರ್ಷ ಒಂದೇ ಸೂರಿನಡಿ ಇದ್ದೂ ಆ ಗಂಟು ಆತನ ಕಣ್ಣಿಗೆ ಬಿದ್ದಿರಲಿಲ್ಲ. 1850ರಲ್ಲಿ ಅವು ಅಚ್ಚಾದವು.

ಇದರಲ್ಲಿ ಅವರ ದಾಂಪತ್ಯದ ಒಂದು ರೀತಿ ಕಾಣುವುದು. ಪ್ರೇಮಿಗಳೆಂದರೆ ಸದಾ ಅಂಟಿಕೊಂಡೇ ಇರತಕ್ಕವರೆಂಬ ಭಾವನೆಯುಳ್ಳವರಿಗೆ ಕಾಸಾ ಗ್ವೀದಿಯ ದಿನಚರಿಯು ನೀರಸವೆನ್ನಿಸೀತು. ಬೆಳಗ್ಗೆ ಆಕೆ ಹಜಾರದಲ್ಲಿ, ಆತನು ಬೇರೆ ಕೋಣೆಯಲ್ಲಿ, ಇಬ್ಬರೂ ಬರೆಯುತ್ತಿರುವರು. ಮುಗಿಯದ ಬರಹವನ್ನು ಒಬ್ಬರಿಗೊಬ್ಬರು ತೋರಿಸುವ ರೂಢಿಯಿರಲಿಲ್ಲ. ಮಧ್ಯಾಹ್ನ ಆತನು ವ್ಯೂಸೊ ಎಂಬವನು 1819ರಲ್ಲಿ ಸ್ಥಾಪಿಸಿದ ವಾಚನಾಲಯಕ್ಕೆ ಹೋಗಿ ಪತ್ರಿಕೆಗಳನ್ನೋದಿ ಬಂದು ಲೋಕವಾರ್ತೆಯನ್ನು ಹೇಳುವನು. ಆತನ ‘ಮೆನ್ ಅಂಡ್ ವಿಮೆನ್’ 1855ರಲ್ಲಿಯೂ ಆಕೆಯ ‘ಅರೋರಾ ಲೀ’ 1856ರಲ್ಲಿಯೂ ಹೊರಬಂದವು. ಅಭಿಪ್ರಾಯಭೇದಗಳಿಗೇನೂ ಕೊರತೆಯಿರಲಿಲ್ಲ. ಮದುವೆಗೆ ಮುಂಚಿನ ವಾರದಲ್ಲಿಯೇ ಕಳ್ಳರು ಫ್ಲಷ್‌ನನ್ನು ಕದ್ದೊಯ್ದು ಹಣ ಕೇಳಿದಾಗ, ಕಳ್ಳರಿಗೆ ಕಾಸು ಕೊಡುವುದು ಅಧರ್ಮವೆಂದು ಆತ, ಕೊಡದೆ ನಾಯಿಯನ್ನು ಸಾಯಗೊಡುವುದು ಅಧರ್ಮವೆಂದು ಆಕೆ. ಕಡೆಗೆ ಆರು ಗಿನಿ ತೆತ್ತು ನಾಯಿಯನ್ನು ಬಿಡಿಸಿದ್ದಾಯಿತು. ಮುಂದೆ ಪ್ರೇತಗಳೊಡನೆ ಮಾತನಾಡಿಸುವವರ ಮೇಲೆ ಆಕೆಗೆ ನಂಬುಗೆ, ಆತನಿಗೆ ರೋಷ. ಫ್ರಾನ್ಸಿನ ಮೂರನೆಯ ನೆಪೋಲಿಯನ್ನನು ಆಕೆಗೆ ವೀರ, ಆತನಿಗೆ ಸಂಶಯಾಸ್ಪದ. ಮಗನಿಗೆ ಆಕೆ ನೀಳವಾದ ಗುಂಗುರು ಕೂದಲನ್ನು ಬಿಡಿಸಿ ರೇಷ್ಮೆ, ಮಕಮಲ್ಲು ತೊಡಿಸುತ್ತಿದ್ದುದೂ ಆತನಿಗೆ ಹಿಡಿಸದು. 1860ರ ಜೂನಿನಲ್ಲಿ ಆತನು ಸಾನ್ ಲೊರೆಂಜೊ ಚೌಕದ ಗುಜರಿಯಲ್ಲಿ ಒಂದು ಲೀರಾ ಕೊಟ್ಟು, 1698ರ ಕೊಲೆಯ ಮೊಕದ್ದಮೆಯೊಂದರ ಕಾಗದಗಳಿದ್ದ ಹಳದಿ ಹೊದಿಕೆಯ ಪುಸ್ತಕವನ್ನು ಕೊಂಡು, ದಾರಿಯುದ್ದಕ್ಕೂ ಓದುತ್ತ ಸೇತುವೆ ದಾಟಿ ಬಂದನು. ಆಕೆಗೆ ಆ ಕಥೆಯೇ ಸೇರಲಿಲ್ಲ. ಕಾಗದಗಳನ್ನು ನೋಡಲೂ ಒಲ್ಲೆನೆಂದಳು. ಆತನ ಮಹಾಕೃತಿಯಾದ ‘ದಿ ರಿಂಗ್ ಅಂಡ್ ದಿ ಬುಕ್’ ಅದರಿಂದಲೇ ಹುಟ್ಟಿ 1868-69ರಲ್ಲಿ ಬೆಳಕು ಕಂಡಿತು. ಇಷ್ಟು ಭೇದಗಳನ್ನಿಟ್ಟುಕೊಂಡೂ ಮದುವೆಯಾದ ಮೇಲೆ ಅವರ ನಡುವೆ ಕಾಗದಗಳೇ ಇಲ್ಲ. ಬರೆಯಬೇಕಾಗುವಷ್ಟು ಅಗಲಿಕೆಯೇ ಇರಲಿಲ್ಲ.

ಹೊರಗಿನ ಲೋಕವೂ ಈ ಬಿಡಾರವನ್ನು ಸುಮ್ಮನೆ ಬಿಡಲಿಲ್ಲ. 1847ರ ಸೆಪ್ಟೆಂಬರ್ 12, ಅವರ ವಿವಾಹದ ಮೊದಲ ವಾರ್ಷಿಕ ದಿನ. ಅಂದು ತುಸ್ಕನಿಯ ದೊರೆ ಎರಡನೆಯ ಲಿಯೊಪೋಲ್ಡನು ಪ್ರಜಾರಕ್ಷಕ ದಳವನ್ನು ಕಟ್ಟಿಕೊಳ್ಳಲು ಅನುಮತಿ ಕೊಟ್ಟನೆಂದು ಜನರು ಹಾಡುತ್ತ ಬಾವುಟಗಳನ್ನು ಹಿಡಿದು ಗಂಟೆಗಟ್ಟಲೆ ಅವರ ಕಿಟಕಿಯ ಕೆಳಗೆ ಮೆರವಣಿಗೆ ಹೋದರು. ಇಬ್ಬರೂ ಕಿಟಕಿಯಲ್ಲಿ ಕುಳಿತು ಕೈಬೀಸಿ ಸೋತರು. 1849ರ ಮೇ ತಿಂಗಳಲ್ಲಿ ಅದೇ ಊರಿಗೆ ಆಸ್ಟ್ರಿಯದ ಸೈನ್ಯವು ಹೊಕ್ಕಿತು. ಓಡಿಹೋಗಿದ್ದ ದೊರೆಯು ಆ ಸೈನ್ಯದ ಬೆಂಬಲದಿಂದ ಮರಳಿದನು. ಹಾಡಿದ ಜನರು ಬಾಯಿ ಮುಚ್ಚಿ ನಿಂತರು. ಈ ಎರಡು ನೋಟಗಳನ್ನೂ ಕೂಡಿಸಿ ಎಲಿಜಬೆತ್ತಳು ‘ಕಾಸಾ ಗ್ವೀದಿ ವಿಂಡೋಸ್’ ಎಂಬ ಕಾವ್ಯವನ್ನು 1851ರಲ್ಲಿ ಪ್ರಕಟಿಸಿದಳು. ರಜೆಗೆ ಬಂದವರು ಕಿಟಕಿಯಿಂದ ಬೀದಿಯನ್ನು ನೋಡುವುದು ಸಹಜ. ಬೀದಿಯ ಸುಖದುಃಖಗಳನ್ನು ತಮ್ಮದೆಂದುಕೊಳ್ಳುವವರು ಅಪರೂಪ.

ಇನ್ನೊಂದು ಮಾತನ್ನು ಹೇಳದಿದ್ದರೆ ಈ ಚಿತ್ರವು ಅರ್ಧವಾದೀತು. ಈ ಬಿಡಾರದ ನೆಮ್ಮದಿಯು ಯಾರ ದುಡಿಮೆಯ ಮೇಲೆ ನಿಂತಿತ್ತು? ಬ್ರೌನಿಂಗನಿಗೆ ಸ್ವಂತ ಸಂಪಾದನೆ ಇಲ್ಲವೆನ್ನುವಷ್ಟು ಕಡಿಮೆ. ಸಂಸಾರವು ನಡೆದುದು ಹೆಚ್ಚಾಗಿ ಎಲಿಜಬೆತ್ತಳ ಆಸ್ತಿಯ ಆದಾಯದಿಂದ. ಆಕೆಯ ಮನೆತನದ ಸಂಪತ್ತು ಜಮೈಕಾದ ಕಬ್ಬಿನ ತೋಟಗಳಲ್ಲಿ ಗುಲಾಮರ ಬೆವರಿನಿಂದ ಕೂಡಿದ್ದು. ಆಕೆಗೆ ಅದು ತಿಳಿದಿತ್ತು. ಮದುವೆಯಾದ ಹೊಸತರಲ್ಲಿ ಪಿಸಾದಲ್ಲಿದ್ದಾಗಲೇ ಗುಲಾಮಸ್ತ್ರೀಯೊಬ್ಬಳ ಬಾಯಿಂದ ಹೇಳಿಸಿದ ಉಗ್ರವಾದ ಕವಿತೆಯೊಂದನ್ನು ಅಮೆರಿಕದ ಗುಲಾಮಗಿರಿ ವಿರೋಧಿಗಳ ಸಂಕಲನಕ್ಕೆಂದು ಬರೆದಳು. ಆದರೂ ಮನೆಯೊಳಗಿನ ಸೇವೆಯ ವಿಚಾರದಲ್ಲಿ ಆಕೆಯ ಕಣ್ಣು ಅಷ್ಟು ತೆರೆದಿರಲಿಲ್ಲವೇನೋ. ತನ್ನೊಡನೆ ಪ್ರಾಣದ ಹಂಗು ತೊರೆದು ಬಂದ ವಿಲ್ಸನ್ನಳು 1855ರಲ್ಲಿ ಅದೇ ಮನೆಯ ಸೇವಕನಾದ ಫೆರ್ದಿನಾಂದೊ ರೊಮನ್ಯೋಲಿಯನ್ನು ವರಿಸಿದಳು. ಆ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನಲ್ಲಿ ಆಕೆಗೆ ಗಂಡುಮಗುವಾಯಿತು. ಒಡತಿಯ ಸೇವೆಗೆ ಮರಳಬೇಕಾದರೆ ಹಸುಗೂಸನ್ನು ಇಂಗ್ಲೆಂಡಿನಲ್ಲಿ ಸೋದರಿಯ ಬಳಿ ಬಿಟ್ಟು ಬರಬೇಕಾಯಿತು. ಪೆನ್ನನ ಗುಂಗುರು ಕೂದಲನ್ನು ಬಾಚಿ ಬೆಳೆಸಿದ ಕೈ ತನ್ನ ಮಗುವಿನ ತಲೆಯನ್ನು ಸವರಲು ಬಿಡುವಿರಲಿಲ್ಲ. ದೊಡ್ಡವರ ವಿಶ್ರಾಂತಿಯ ಚರಿತ್ರೆಯನ್ನು ಬರೆಯುವವರು ಈ ಪುಟವನ್ನು ಬೇಗನೆ ಮಗುಚುವುದುಂಟು.

ಈಗಿನ ಸ್ಥಿತಿಯನ್ನು ಹೇಳುವುದಾದರೆ, ಸೌಧವನ್ನು 1893ರಲ್ಲಿ ಪೆನ್ನನು ಕೊಂಡುಕೊಂಡನು. ಆದರೆ 1912ರಲ್ಲಿ ಆತನು ತೀರಿಕೊಂಡ ಮರುವರ್ಷ ತಂದೆತಾಯಿಗಳ ವಸ್ತುಗಳೆಲ್ಲ ಲಂಡನ್ನಿನಲ್ಲಿ ಹರಾಜಾಗಿ ದಿಕ್ಕುದಿಕ್ಕಿಗೆ ಚದುರಿದವು. 1971ರಲ್ಲಿ ಅಮೆರಿಕದ ಬ್ರೌನಿಂಗ್ ಸಂಸ್ಥೆಯು ಆ ಅಂತಸ್ತನ್ನು ಕೊಂಡು ಉಳಿಸಿತು. 1990ರ ದಶಕದಲ್ಲಿ ಅದು ಇಂಗ್ಲೆಂಡಿನ ಈಟನ್ ಕಾಲೇಜಿನ ಕೈಗೆ ಬಂದಿತು. ಹಳೆಯ ಕಟ್ಟಡಗಳನ್ನು ಉದ್ಧಾರ ಮಾಡಿ ಪ್ರವಾಸಿಗಳಿಗೆ ಬಾಡಿಗೆಗೆ ಕೊಡುವ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಎಂಬ ಸಂಸ್ಥೆಯು ಅದನ್ನು ವಹಿಸಿಕೊಂಡು ಅಣಿಗೊಳಿಸಿತು. ಆಗಿನಿಂದ ಬೀಗದ ಕೈ ಪಡೆದ ಯಾವ ದಂಪತಿಗಳೂ ಅಲ್ಲಿ ಕೆಲವು ದಿನ ಇರಲು ಅನುಕೂಲವಾಗಿದೆ. ಆ ಸಂಸ್ಥೆಯವರು ತಮ್ಮ ಬಿಡಾರಗಳಲ್ಲಿ ದೂರದರ್ಶನದ ಪೆಟ್ಟಿಗೆಯನ್ನು ಇಡುವುದಿಲ್ಲ. ಸ್ಥಳಕ್ಕೆ ಸಂಬಂಧಪಟ್ಟ ಪುಸ್ತಕಗಳನ್ನಿಡುತ್ತಾರೆ, ಬಂದವರು ಬರೆದು ಹೋಗಲು ಒಂದು ದಫ್ತರನ್ನಿಡುತ್ತಾರೆ. ಖಾನಾವಳಿಯ ಊಟವು ತಾನಾಗಿ ಹೊತ್ತಿಗೆ ಬಂದು ಕೂರುವ ಕಾಲ ಹೋಯಿತು. ಬೆಳಗ್ಗೆ ಹತ್ತಿರದ ಸಾಂತೊ ಸ್ಪಿರಿತೊ ಚೌಕದ ಸಂತೆಗೆ ಹೋಗಿ ಟೊಮೇಟೊ ತಂದು, ಆ ಸೀಮೆಯ ಉಪ್ಪಿಲ್ಲದ ಬ್ರೆಡ್ಡಿಗೆ ಆಲಿವ್ ಎಣ್ಣೆ ಸವರಿ ತಿನ್ನಬೇಕು. ಉಪ್ಪಿಲ್ಲದ ಬ್ರೆಡ್ಡು ಮೊದಲ ದಿನ ಸಪ್ಪೆಯೆನ್ನಿಸುವುದು, ಮೂರನೆಯ ದಿನ ರೂಢಿಯಾಗುವುದು. ಕಲ್ಲುಬೀದಿಯಲ್ಲಿ ಸ್ಕೂಟರುಗಳ ಗದ್ದಲವೂ ಉಂಟು, ಗಂಟೆಯ ನಾದವೂ ಉಂಟು. ಎಡೆಬಿಡದೆ ಊರೂರು ಸುತ್ತಿ ಚಿತ್ರ ತೆಗೆಯುವ ಹಂಬಲವುಳ್ಳವರು ಇಲ್ಲಿ ಎರಡು ದಿನದಲ್ಲಿ ಬೇಸರಗೊಳ್ಳುವರು. ಬೆಳಗ್ಗೆ ಒಬ್ಬರು ಒಂದು ಕೋಣೆಯಲ್ಲಿ, ಇನ್ನೊಬ್ಬರು ಇನ್ನೊಂದರಲ್ಲಿ ಓದಿಕೊಂಡಿದ್ದು, ಸಂಜೆ ಬಾಲ್ಕನಿಯಲ್ಲಿ ಕೂಡಿ ಗೋಡೆಯನ್ನು ನೋಡುತ್ತ ಸುಮ್ಮನಿರಬಲ್ಲವರಿಗೆ ಈ ಬಿಡಾರವು ಚೆನ್ನಾಗಿ ಒಗ್ಗುವುದು.

ಹಜಾರದಲ್ಲಿ ಈಗಿರುವ ಕುರ್ಚಿಮೇಜುಗಳನ್ನು ಅಣಿಗೊಳಿಸಲು ಆಧಾರವಾದುದು 1861ರಲ್ಲಿ ಬರೆದ ಒಂದು ಚಿತ್ರ. ಆ ವರ್ಷದ ಮಾರ್ಚಿನಲ್ಲಿ ಇಟಲಿಯು ಒಂದೇ ರಾಜ್ಯವಾಯಿತು. ಎಲಿಜಬೆತ್ತಳು ಕಿಟಕಿಯಿಂದ ಕಂಡ ಕನಸು ಕೈಗೂಡಿತು. ಜೂನ್ 6ರಂದು ಆ ಕಾರ್ಯದ ಸೂತ್ರಧಾರನಾದ ಕಾವೂರನು ತೀರಿಕೊಂಡಾಗ ಆಕೆ ತನ್ನವರನ್ನೇ ಕಳೆದುಕೊಂಡಂತೆ ಕುಗ್ಗಿದಳು. ಆ ತಿಂಗಳ ಕೊನೆಗೆ ನೆಗಡಿಯೆಂದು ಹಿಡಿದುದು ಎದೆಗೆ ಇಳಿಯಿತು. ಒಂದು ವಾರದ ಕಾಹಿಲೆ. ಅಷ್ಟು ಅಪಾಯವಿದೆಯೆಂದು ಇಬ್ಬರಿಗೂ ತೋರಲಿಲ್ಲ. ಜೂನ್ 29ರ ಬೆಳಗಿನ ಜಾವದಲ್ಲಿ, ಹೇಗಿದ್ದೀಯೆಂದು ಗಂಡನು ಕೇಳಿದುದಕ್ಕೆ, ಸುಂದರವೆಂದು ಒಂದೇ ಮಾತು ಹೇಳಿ ಆತನ ತೋಳುಗಳಲ್ಲಿಯೇ ಪ್ರಾಣ ಬಿಟ್ಟಳು. ಲಂಡನ್ನಿನ ವೈದ್ಯರು ಒಂದು ಚಳಿಗಾಲವನ್ನೂ ನಂಬದಿದ್ದ ಆ ದೇಹವು ಹದಿನೈದು ವರ್ಷ ಇಟಲಿಯ ಬಿಸಿಲಿನಲ್ಲಿ ಬಾಳಿತು. ಊರಿನ ಪರದೇಶಿಗಳ ಶ್ಮಶಾನದಲ್ಲಿ ಆಕೆಯನ್ನು ಹೂಳಿದರು. ಆಕೆಯ ಕಾವ್ಯವು ಇಟಲಿಗೂ ಇಂಗ್ಲೆಂಡಿಗೂ ನಡುವೆ ಚಿನ್ನದ ಉಂಗುರವಾಯಿತೆಂಬ ಭಾವದ ಶಿಲಾಫಲಕವನ್ನು ನಗರದವರು ಸೌಧದ ಬಾಗಿಲ ಮೇಲೆ ನಿಲ್ಲಿಸಿದರು.

ಕೆಲವು ದಿನಗಳಲ್ಲಿಯೇ ಬ್ರೌನಿಂಗನು ಮಗನ ಗುಂಗುರು ಕೂದಲನ್ನು ಕತ್ತರಿಸಿ, ಹುಡುಗರ ಸಾಮಾನ್ಯ ಉಡುಪನ್ನು ತೊಡಿಸಿದನು. ಹಜಾರವನ್ನು ಆಕೆಯಿಟ್ಟಿದ್ದ ಸ್ಥಿತಿಯಲ್ಲಿಯೇ, ತಗ್ಗು ಕುರ್ಚಿ, ಪುಟ್ಟ ಮೇಜು, ಪುಸ್ತಕಗಳು ಎಲ್ಲವೂ ಇದ್ದಲ್ಲಿಯೇ ಇರುವಂತೆ, ಜಾರ್ಜ್ ಮಿನ್ಯಾತಿ ಎಂಬ ಚಿತ್ರಕಾರನಿಂದ ಬರೆಯಿಸಿಕೊಂಡನು. ಅನಂತರ ಬಿಡಾರವನ್ನು ಕಿತ್ತು ಮಗನೊಡನೆ ಊರು ಬಿಟ್ಟನು. 1878ರ ಮೇಲೆ ಆತನು ಮತ್ತೆ ಇಟಲಿಗೆ ಹೋಗಿ ಬರತೊಡಗಿದನು. ಅಸೋಲೊದಲ್ಲಿಯೂ ವೆನಿಸಿನಲ್ಲಿಯೂ ಅನೇಕ ಶರತ್ಕಾಲಗಳನ್ನು ಕಳೆದನು. 1889ರ ಡಿಸೆಂಬರ್ 12ರಂದು ವೆನಿಸಿನ ಮಗನ ಮನೆಯಲ್ಲಿಯೇ ತೀರಿಕೊಂಡನು. ಫ್ಲಾರೆನ್ಸಿಗೆ ಮಾತ್ರ ಮರಳಿ ಕಾಲಿಡಲಿಲ್ಲ.